ಅಣ್ಣನ ಮೂರು ನಿಮಿಷದ ಹಾಡು

ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ನಡುಮನೆಯ ಕಾರ್ಪೆಟ್ಟಿನ ಮೇಲೆ ಇಂದಿಗೂ ಹದಿನಾರು ಹೆಜ್ಜೆಗುರುತುಗಳಿವೆ. ಲಕ್ಷ್ಮಿ ಒಳಬಂದ ಗುರುತೆಂದು ಕೈಮುಗಿಯಬೇಡಿ. ಗೋಡೆಗೆ ಬಣ್ಣ ಬಳಿಯುವವರು ಅಂಚಿಗೆ ಹಚ್ಚುವ ನೀಲಿ ಟೇಪನ್ನು ಪಾದದಾಕಾರಕ್ಕೆ ಕತ್ತರಿಸಿ, ಎಡಗಾಲಿಗೆ ‘ಎ’ ಬಲಗಾಲಿಗೆ ‘ಬ’ ಎಂದು ಬರೆದು, ನನ್ನ ಅಣ್ಣ ಶ್ರೀನಿಧಿ ತನ್ನ ಮದುವೆಗೆ ಮುನ್ನ ಅಂಟಿಸಿಕೊಂಡ ಗುರುತುಗಳವು. ಸಾಫ್ಟ್‌ವೇರಿನವನಾದ ಅವನಿಗೆ ನೃತ್ಯವೆಂದರೆ ಒಂದರ ಹಿಂದೊಂದು ನಡೆಯಬೇಕಾದ ಹದಿನಾರು ಆಜ್ಞೆಗಳು. ಅವನ್ನು ಇಷ್ಟು ಸಲ ಸುತ್ತಿದರೆ ಮೂರು ನಿಮಿಷ, ಮೂರು ನಿಮಿಷ ಕಳೆದರೆ ಮರ್ಯಾದೆ ಉಳಿಯಿತು.

ಮರ್ಯಾದೆಯ ಪ್ರಶ್ನೆ ಎದ್ದದ್ದು ಹೀಗೆ. ಅವನು ಮದುವೆಯಾಗಲಿದ್ದ ಲವೀನಾ ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಯವಳು. ಹುಟ್ಟಿ ಬೆಳೆದದ್ದು ಮಾತ್ರ ಸೌತ್ ಕ್ಯಾರೊಲೈನಾದ ಫೋರ್ಟ್ ಮಿಲ್‌ನಲ್ಲಿ. ಅವರಲ್ಲಿ ಆರತಕ್ಷತೆಯ ಸಂಜೆ ಊಟಕ್ಕೆ ಮೊದಲು ಹೆಣ್ಣು ಗಂಡು ಎಲ್ಲರೆದುರು ಒಂದು ಹಾಡಿಗೆ ಜೊತೆಯಾಗಿ ನರ್ತಿಸಬೇಕು. ನಮ್ಮದು ಮೈಸೂರಿನ ಸಂಗೀತದ ಹುಚ್ಚಿನ ಮನೆತನ. ಕಛೇರಿ ಕೇಳುತ್ತಾ ತೊಡೆಯ ಮೇಲೆ ತಾಳ ಹಾಕುವುದೇ ನಮ್ಮ ಅಂಗಚಲನೆಯ ಪರಮಾವಧಿ. ಸುದ್ದಿ ತಿಳಿದ ಅಮ್ಮ ಫೋನಿನಲ್ಲಿ, “ಅಲ್ವೋ ನಿಧಿ, ಅಷ್ಟು ಜನದ ಮುಂದೆ ತಬ್ಕೊಂಡು ಕುಣೀಬೇಕೇನೋ? ಚೂರು ದೂರ ನಿಂತು ಕುಣಿಯೋದು ಯಾವುದೂ ಇಲ್ವಾ?” ಎಂದಳು. ಫೋನು ಸ್ಪೀಕರಿನಲ್ಲಿತ್ತು, ಲವೀನಾ ಪಕ್ಕದಲ್ಲಿದ್ದಳು. ಅವಳು ನಕ್ಕು, ನಗುತ್ತಲೇ ಅದನ್ನು ತನ್ನ ತಂದೆಗೆ ಹೇಳಿದಳು. ಆ ತಂದೆ, ನಮ್ಮ ಡೆನಿಸ್ ಅಂಕಲ್, ನಗಲಿಲ್ಲ. ಮಗಳು ನರ್ತಿಸುವ ಹೊತ್ತಿಗೆ ಗಂಡಿನ ಕಡೆಯವರು ಮುಖ ತಿರುಗಿಸಿ ಎದ್ದುಹೋದರೆ ಏನು ಗತಿ ಎಂಬ ಅಳುಕು ಅಂದಿನಿಂದ ಅವರ ಹೊಟ್ಟೆಯೊಳಗೆ ಕುಳಿತುಬಿಟ್ಟಿತು.

ಹಾಡನ್ನು ಆರಿಸಿದವರೂ ಅವರೇ. ಅದೊಂದು ಹಳೆಯ ಜ್ಯಾಝ್ ಹಾಡು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಓದುವುದನ್ನು ಬಿಟ್ಟು ಫೋನಿನಲ್ಲಿ ಹುಡುಕಿ, ಮೊದಲು ಸಿಕ್ಕ ಗಾಯಕನೇ ಶ್ರೇಷ್ಠನೆಂದು ನನ್ನೊಡನೆ ವಾದಕ್ಕೆ ಬರುತ್ತೀರಿ, ನಾನು ವಾದವನ್ನು ಬಿಟ್ಟವಳಲ್ಲ, ಅಲ್ಲಿಗೆ ಈ ಪ್ರಬಂಧದ ಕಥೆ ಮುಗಿಯಿತು. ಇಂಥ ಹಾಡುಗಳಿಗೆ ಜ್ಯಾಝಿನವರು ಸ್ಟ್ಯಾಂಡರ್ಡ್ ಎನ್ನುತ್ತಾರೆ. ಎಲ್ಲರಿಗೂ ಬರುವ, ಎಲ್ಲರೂ ಒಂದಲ್ಲ ಒಂದು ದಿನ ನುಡಿಸಿ ಧ್ವನಿಮುದ್ರಿಸಲೇಬೇಕಾದ ಹಾಡು ಎಂದರ್ಥ. ತಮಾಷೆ ನೋಡಿ, ಆ ಹೆಸರು ಹೊತ್ತ ಹಾಡನ್ನು ಒಬ್ಬರು ನುಡಿಸಿದಂತೆ ಇನ್ನೊಬ್ಬರು ನುಡಿಸುವುದಿಲ್ಲ. ನಮ್ಮ ಮನೆಯಲ್ಲಿ ಕೀರ್ತನೆಯ ಒಂದೇ ಒಂದು ಸಂಗತಿ ಗುರುಗಳು ಹೇಳಿಕೊಟ್ಟ ಪಾಠಾಂತರ ಬಿಟ್ಟು ಒಂದು ಕೂದಲೆಳೆ ಆಚೆ ಸರಿದರೂ ದೊಡ್ಡಮ್ಮ ಎರಡು ದಿನ ಮಾತು ಬಿಡುತ್ತಾರೆ. ಇವರಲ್ಲಿ ಪಾಠಾಂತರ ಬಿಡುವುದೇ ಪಾಠ.

ನಾನು ಆ ಹಾಡಿನ ಹನ್ನೊಂದು ಧ್ವನಿಮುದ್ರಣಗಳನ್ನು ಕಲೆಹಾಕಿದೆ. ಒಬ್ಬಾಕೆ ಈ ಬಸ್ಸು ತಪ್ಪಿದರೆ ಮುಂದಿನದಿದೆ ಎಂಬ ನಿಶ್ಚಿಂತೆಯಿಂದ ಸದಾ ತಾಳಕ್ಕಿಂತ ಒಂದಿಷ್ಟು ಹಿಂದೆ ಉಳಿದು ಹಾಡುತ್ತಾಳೆ. ಒಬ್ಬ ಟ್ರಂಪೆಟ್ಟಿನವ ಅರ್ಧ ಸ್ವರಗಳನ್ನು ನುಡಿಸುವುದೇ ಇಲ್ಲ, ಉಳಿದರ್ಧ ನಿಮಗೇ ಗೊತ್ತಲ್ಲ ಎಂಬಂತೆ ಸುಮ್ಮನಾಗುತ್ತಾನೆ. ಪಿಯಾನೊದ ಮುದುಕನೊಬ್ಬ ಮನೆಬಾಗಿಲಲ್ಲಿ ನಿಂತು ಚೀಲದೊಳಗೆ ಬೀಗದ ಕೈ ತಡಕುವವರ ಹಾಗೆ ಹಾಡಿಡೀ ತಡಕಾಡಿ, ಕೊನೆಗೆ ಸಿಕ್ಕಿತು ಎನ್ನುವಂಥ ಒಂದು ಸ್ವರದಲ್ಲಿ ನಿಟ್ಟುಸಿರಿಡುತ್ತಾನೆ. ಇನ್ನೊಬ್ಬ ಗಾಯಕ ತನ್ನ ಕಂಠಕ್ಕೆ ತಾನೇ ಎಷ್ಟು ಮಾರುಹೋಗಿದ್ದಾನೆಂದರೆ, ಹಾಡಿನ ನಾಯಕಿ ಬಿಟ್ಟುಹೋದದ್ದು ಅವನಿಗಿನ್ನೂ ತಿಳಿದಂತಿಲ್ಲ.

ಹೌದು, ಬಿಟ್ಟುಹೋದದ್ದು. ಹಾಡಿನ ಸಾರಾಂಶ ಇಷ್ಟೇ: ಹೋದವಳು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ನನ್ನ ಆಕ್ಷೇಪ ಹುಟ್ಟಿದ್ದು ಇಲ್ಲಿ. ಮೈಸೂರಿನ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲಷ್ಟೇ ನಿರ್ಧಾರವಾಗುತ್ತಿದ್ದ ನನ್ನ ಅಚಲ ಅಭಿಪ್ರಾಯಗಳಿಂದ ನಾಲ್ಕು ಪರ್ಯಾಯ ಫಲಕಗಳನ್ನು ಗೆದ್ದುಕೊಟ್ಟವಳು. ಓದಲೆಂದು ಮೇರಿಲ್ಯಾಂಡಿಗೆ ಬಂದು ಅಣ್ಣನ ಮನೆಯಲ್ಲಿ ಇಳಿದ ಮೇಲೆ ನನ್ನ ಕಸುಬಿಗೆ ಕೆಲಸವೇ ಇರಲಿಲ್ಲ. ಆದ್ದರಿಂದ ಡೆನಿಸ್ ಅಂಕಲ್ ವಿಡಿಯೊ ಕಾಲ್‌ನಲ್ಲಿ ಆ ನಿಧಾನದ ಗಾಯಕಿಯ ಮುದ್ರಣವೇ ಇರಲಿ ಎಂದಾಗ ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ.

“ಅಂಕಲ್, ಇದು ಬಿಟ್ಟುಹೋದವಳ ಹಾಡು. ಮದುವೆ ದಿನ ಇದನ್ನ ಹಾಕೋದು ಅಂದ್ರೆ ಗೃಹಪ್ರವೇಶದಲ್ಲಿ ಫೈರ್ ಅಲಾರಂ ಬಾರಿಸಿದ ಹಾಗೆ.”

“ಡ್ಯಾನ್ಸ್ ಮಾಡುವಾಗ ಅರ್ಥ ಯಾರು ನೋಡ್ತಾರೆ ಮಾರಾಯ್ತಿ? ನನ್ನ ಮದುವೆಗೂ ಅದೇ, ನನ್ನ ಅಣ್ಣಂದಿರ ಮದುವೆಗೂ ಅದೇ. ಯಾರೂ ಯಾರನ್ನೂ ಬಿಟ್ಟು ಹೋಗ್ಲಿಲ್ಲ.”

“ಅದು ಪುರಾವೆ ಅಲ್ಲ ಅಂಕಲ್. ಕಾಕತಾಳೀಯ.”

“ನಿನ್ನ ಹತ್ರ ಮಾತಾಡ್ಬೇಕಾದ್ರೆ ನನಗೊಬ್ಬ ವಕೀಲ ಬೇಕು,” ಎಂದು ಅವರು ಸೋಲೊಪ್ಪಿದರು. ಮಾತೇ ಇಲ್ಲದ, ಬರೀ ವಾದ್ಯದ ಮುದ್ರಣವೊಂದನ್ನು ಹುಡುಕುವ ಭಾರ ನನ್ನ ಹೆಗಲೇರಿತು. ಸ್ಯಾಕ್ಸೊಫೋನ್, ಪಿಯಾನೊ, ಬೇಸ್, ಡ್ರಮ್ಸ್, ಹೀಗೆ ನಾಲ್ವರು ಸೇರಿ ಸಭಿಕರೆದುರು ನುಡಿಸಿದ್ದೊಂದು ಸಿಕ್ಕಿತು. ಸ್ಯಾಕ್ಸೊಫೋನ್ ಹಾಡನ್ನು ಹತ್ತಿಯ ಮೇಲೆ ನಡೆದಂತೆ ಮೆಲ್ಲಗೆ ನುಡಿಸಿ ಮುಗಿಸುವ ಹೊತ್ತಿಗೆ ಸರಿಯಾಗಿ ಮೂರು ನಿಮಿಷ. ಅಣ್ಣ ದಿನವೂ ಅದಕ್ಕೇ ಹೆಜ್ಜೆ ಹಾಕಿದ; ಅವನ ಕೊನೆಯ ಹೆಜ್ಜೆ ಬಿದ್ದೊಡನೆ ನಾನು ಫೋನನ್ನು ಒತ್ತಿ ನಿಲ್ಲಿಸುತ್ತಿದ್ದೆ. ಆಮೇಲೇನಿದೆ ಎಂದು ನಾವಿಬ್ಬರೂ ಒಂದು ದಿನವೂ ಕೇಳಲಿಲ್ಲ. ಪರದೆಯ ಮೇಲೆ ಹದಿನಾಲ್ಕು ನಿಮಿಷ ಎಂದು ಕಾಣುತ್ತಿತ್ತು. ಸಭಿಕರೆದುರಿನ ಮುದ್ರಣವಾದ್ದರಿಂದ ಉಳಿದದ್ದು ಚಪ್ಪಾಳೆಯಿರಬೇಕೆಂದು ಅಂದಾಜು ಮಾಡಿದೆ. ದೇವರಿದ್ದಾನೆ ಎಂದರೂ ಆಧಾರ ಕೇಳುವ ನಾನು, ಹನ್ನೊಂದು ನಿಮಿಷ ಬಿಡದೆ ಚಪ್ಪಾಳೆ ತಟ್ಟುವ ಸಭಿಕರನ್ನು ಪ್ರಶ್ನೆಯಿಲ್ಲದೆ ನಂಬಿದೆ. ಅಷ್ಟು ಸಾಲದೆಂದು ಹಾಡು ಹಾಕುವ ಡಿಜೆಗೆ, ‘ಯಾವ ಕಾರಣಕ್ಕೂ ನಡುವೆ ಕತ್ತರಿಸಬಾರದು, ಅದು ಕಲಾವಿದರಿಗೆ ಮಾಡುವ ಅವಮಾನ’ ಎಂದು ಮೂರು ಪ್ಯಾರಾಗಳ ಸಂದೇಶವನ್ನೂ ಕಳಿಸಿದ್ದೆ.

ಮದುವೆಯ ದಿನ ಫೋರ್ಟ್ ಮಿಲ್‌ನ ಒಂದು ಹಾಲ್‌ನಲ್ಲಿ ನಮ್ಮ ಕಡೆಯ ಹದಿನೇಳು ಜನ ಮುಂದಿನ ಎರಡು ಮೇಜುಗಳ ಸುತ್ತ ರೇಷ್ಮೆ ಸರಭರಗುಟ್ಟಿಸುತ್ತ ಕುಳಿತರು. ಹಾಡು ಶುರುವಾಯಿತು. ಅಣ್ಣ ಎಲ್ಲಿಯೂ ತಪ್ಪಲಿಲ್ಲ. ಅವನ ಮುಖದಲ್ಲಿ ಸರ್ವರ್ ಕೆಟ್ಟ ದಿನದ ಗಾಂಭೀರ್ಯವಿದ್ದರೂ ಕಾಲುಗಳು ಹೇಳಿದ ಮಾತು ಕೇಳಿದವು. ಮೂರನೆಯ ನಿಮಿಷಕ್ಕೆ ಅವನು ಲವೀನಾಳ ಕೈ ಹಿಡಿದು ತಲೆಬಾಗಿದ. ಎರಡೂ ಕಡೆಯವರು ಚಪ್ಪಾಳೆ ತಟ್ಟಿದರು. ಅಮ್ಮ ಕೂಡ ತಟ್ಟಿದಳು.

ಹಾಡು ಮಾತ್ರ ನಿಲ್ಲಲಿಲ್ಲ.

ಸ್ಯಾಕ್ಸೊಫೋನಿನವ ಅಲ್ಲಿಯವರೆಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದನಷ್ಟೆ ಎಂಬಂತೆ ಈಗ ಹೊರಟ, ನೋಡಿ. ಜ್ಯಾಝಿನ ರೀತಿಯೇ ಹಾಗೆಂದು ನನಗೆ ಆಮೇಲೆ ತಿಳಿಯಿತು: ಹಾಡನ್ನು ಮೊದಲು ಒಮ್ಮೆ ಸರಿಯಾಗಿ ನುಡಿಸಿಬಿಡುವುದು ವಿಷಯ ಮಂಡನೆ, ಅನಂತರ ಒಬ್ಬೊಬ್ಬರಾಗಿ ಎದ್ದು, ಅದು ಹಾಗಲ್ಲ ಹೀಗೆ, ಹೀಗೂ ಅಲ್ಲ ಹಾಗೆ, ಎಂದು ತಮ್ಮ ಸರದಿ ಮುಗಿಯುವವರೆಗೆ ಖಂಡಿಸುವುದು, ಎಲ್ಲರದೂ ಮುಗಿದ ಮೇಲೆ ಜೊತೆಗೂಡಿ ಮೂಲ ಹಾಡಿಗೆ ಮರಳುವುದು. ವರ್ಷಗಟ್ಟಲೆ ವೇದಿಕೆ ಹತ್ತಿಳಿದ ನನಗೆ ಅದರ ಅರ್ಧವಷ್ಟೇ ಗೊತ್ತಿತ್ತು. ಖಂಡನೆಯಾದ ಮೇಲೆ ಜೊತೆಗೂಡಿ ಮರಳುವ ಅಭ್ಯಾಸ ನಮ್ಮ ಚರ್ಚಾಕೂಟಗಳಲ್ಲಿ ಇರಲಿಲ್ಲ.

ತತ್ತ್ವ ಆಮೇಲಿನದು. ಆ ಗಳಿಗೆಯಲ್ಲಿ ಅಣ್ಣ ನನ್ನ ಕಡೆ ನೋಡಿದ ನೋಟವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಕಲಿತದ್ದು ಹದಿನಾರೇ ಹೆಜ್ಜೆ. ಅವನು ಮತ್ತೆ ಮೊದಲನೆಯದರಿಂದ ಶುರುಮಾಡಿದ. ನಾನು ಡಿಜೆಯ ಬಳಿ ಓಡಿದೆ. ಆ ಮಹಾಶಯ ನನ್ನದೇ ಸಂದೇಶವನ್ನು ನನ್ನ ಮುಖಕ್ಕೆ ಹಿಡಿದು, ನೀವು ಈಗ ಹೇಳಿದರೆ ಈಗಲೇ ನಿಲ್ಲಿಸುತ್ತೇನೆ ಎಂದ. ನಾನು ಲವೀನಾಳ ಕಡೆ ನೋಡಿದರೆ ಅವಳು ಅಣ್ಣನ ಭುಜದ ಮೇಲಿಂದ ನಗುನಗುತ್ತ ಬೇಡವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಪಿಯಾನೊದವನದೂ ಮುಗಿದು ಬೇಸ್‌ನವನ ಸರದಿ ಬಂತು. ಉಳಿದ ವಾದ್ಯಗಳೆಲ್ಲ ಅಡಗಿ, ಹಾಲ್ ಪೂರ್ತಿ ನಿಶ್ಶಬ್ದವಾಗಿ, ಅದರ ನಡುವೆ ಅಣ್ಣನ ಪಿಸುಮಾತು ಕೊನೆಯ ಮೇಜಿನವರೆಗೂ ಸ್ಪಷ್ಟವಾಗಿ ಕೇಳಿಸಿತು: “ಎಡ, ಬಲ, ಎಡ, ನಿಲ್ಲು. ಬಲ, ಎಡ, ಬಲ, ನಿಲ್ಲು.”

ಲವೀನಾಳ ಪುಟ್ಟ ತಂಗಿ ನನ್ನ ಸೆರಗು ಜಗ್ಗಿ, ತನ್ನ ಹರಕು ಕನ್ನಡದಲ್ಲಿ, “ಅಕ್ಕಾ, ನಿಧಿ ಅಣ್ಣ ಪ್ರೇಯರ್ ಮಾಡ್ತಾ ಇದೆಯಾ?” ಎಂದು ಕೇಳಿದಳು. ಹೌದು ಎಂದೆ. ಅದು ಸುಳ್ಳೇನೂ ಅಲ್ಲ.

ಆಗ ಬೇಸ್ ನಿಂತು ಡ್ರಮ್ಸ್ ಒಂಟಿಯಾಗಿ ಎದ್ದಿತು. ನಮ್ಮ ಸಂಗೀತ ಕಛೇರಿಗಳಿಗೆ ಹೋದವರಿಗೆ ಗೊತ್ತು: ಹಾಡುವವರು ಸುಮ್ಮನಾಗಿ, ಮೃದಂಗದವರಿಗೆ ತನಿ ಆವರ್ತನ ಬಿಟ್ಟುಕೊಟ್ಟರೆಂದರೆ, ಅರ್ಧ ಸಭೆ ಕಾಫಿಗೆಂದು ಎದ್ದು ಹೊರಗೆ ಹೋಗುತ್ತದೆ. ಸರಿಯೋ ತಪ್ಪೋ, ಅದು ಮೈಯೊಳಗೆ ಇಳಿದುಹೋದ ಅಭ್ಯಾಸ. ದೊಡ್ಡಮ್ಮ ಸೆರಗು ಕೊಡವಿಕೊಂಡು ಎದ್ದು ಅಮ್ಮನಿಗೆ, “ತನಿ ಬಿಟ್ರು ಕಣೇ. ಬಾ, ಕಾಫಿ ಕುಡ್ಕೊಂಡು ಬಂದ್ಬಿಡೋಣ,” ಎಂದರು. ಅಮ್ಮ ಎದ್ದಳು. ಹದಿನೇಳೂ ಜನ ಎದ್ದು, ಸಾಲಾಗಿ, ಶಾಂತವಾಗಿ, ನಡುವೆ ಕುಣಿಯುತ್ತಿದ್ದ ತಮ್ಮ ಮನೆಯ ಮದುಮಗನ ಪಕ್ಕದಿಂದಲೇ ಹಾದು ಬಾಗಿಲಿನಾಚೆ ಹೋದರು.

ಡೆನಿಸ್ ಅಂಕಲ್ ನೆಟ್ಟಗೆ ನನ್ನ ಬಳಿ ಬಂದರು.

“ಯಾಕೆ ಎದ್ದು ಹೋದ್ರು?”

“ಕಾಫಿಗೆ ಅಂಕಲ್.”

“ನನ್ನ ಮಗಳ ಡ್ಯಾನ್ಸ್ ನಡೀತಾ ಉಂಟು.”

“ಹೌದು ಅಂಕಲ್. ಆದ್ರೆ ಡ್ರಮ್ಸ್ ಬಂತಲ್ಲ. ನಮ್ಮಲ್ಲಿ ಡ್ರಮ್ಸ್ ಬಂದ ತಕ್ಷಣ ಕಾಫಿಗೆ ಹೋಗೋದು ಪದ್ಧತಿ.”

“ನಿನ್ನ ಅಮ್ಮನಿಗೆ ಈ ಡ್ಯಾನ್ಸ್ ಇಷ್ಟ ಇರ್ಲಿಲ್ಲ, ನನಗೆ ಗೊತ್ತುಂಟು. ಅದನ್ನು ಹೇಳು, ಪರವಾಗಿಲ್ಲ. ಕಾಫಿ ಕಥೆ ಹೇಳ್ಬೇಡ.”

ಗೆಳೆಯರೇ, ಸುಳ್ಳನ್ನು ಹಿಡಿದು ಎಷ್ಟೋ ಸಲ ಗೆದ್ದವಳು ನಾನು. ಅಂದು ನಿಜವನ್ನು ಹಿಡಿದು ಸೋಲುತ್ತಿದ್ದೆ. ಎದುರು ಪಕ್ಷದಲ್ಲಿ ನಾನೇ ಇದ್ದಿದ್ದರೆ ಆ ಕಾಫಿಯ ವಾದವನ್ನು ಅರ್ಧ ನಿಮಿಷದಲ್ಲಿ ಹರಿದು ಕೈಗೆ ಕೊಡುತ್ತಿದ್ದೆ. ಅದು ಗೌರವದ ಕುರುಹು ಎನ್ನೋಣವೇ ಎಂದು ಯೋಚಿಸಿದೆ, ನನಗೇ ನಾಚಿಕೆಯಾಯಿತು. ಡಿಜೆ ದೂರದಿಂದ ಕತ್ತರಿಸಲೇ ಎಂದು ಬೆರಳಿನಲ್ಲಿ ಸನ್ನೆ ಮಾಡಿದ. ಈಗ ನಿಲ್ಲಿಸಿದರೆ ಲವೀನಾಳ ನೃತ್ಯ ಹದಿನೇಳು ಖಾಲಿ ಕುರ್ಚಿಗಳ ಮುಂದೆ ಮುಗಿಯುತ್ತದೆ, ಡೆನಿಸ್ ಅಂಕಲ್ ಅದನ್ನು ಬದುಕಿರುವವರೆಗೆ ಮರೆಯುವುದಿಲ್ಲ. ಬೇಡವೆಂದು ಕೈಯಾಡಿಸಿ, ಬಾಯಿ ಮುಚ್ಚಿಕೊಂಡು ಅವರ ಪಕ್ಕದಲ್ಲಿ ಕುಳಿತೆ. ಅಣ್ಣ ಎಡ ಬಲ ಎನ್ನುತ್ತಲೇ ಇದ್ದ. ಡ್ರಮ್ಮಿನವ ಬಡಿಯುತ್ತಲೇ ಇದ್ದ. ಅಂಕಲ್ ಬಾಗಿಲನ್ನೇ ನೋಡುತ್ತಿದ್ದರು.

ಒಂದು ಹೊತ್ತಿನಲ್ಲಿ ಬಡಿತದ ಗತಿ ಬದಲಾಯಿತು. ಹರಡಿಕೊಂಡಿದ್ದ ಪೆಟ್ಟುಗಳೆಲ್ಲ ಒತ್ತೊತ್ತಾಗಿ ಒಂದು ಕಡೆ ಸೇರತೊಡಗಿದವು. ನನಗೆ ಅದು ತಿಳಿಯುವಷ್ಟರಲ್ಲಿ ಬಾಗಿಲು ತೆರೆಯಿತು. ತನಿ ಮುಗಿಯುವುದನ್ನು ಕ್ಯಾಂಟೀನಿನಲ್ಲಿ ನಿಂತೇ ಅರಿತು, ಒಂದು ಗುಟುಕೂ ಚೆಲ್ಲದೆ ಸರಿಯಾದ ಹೊತ್ತಿಗೆ ಕುರ್ಚಿ ಸೇರುವುದರಲ್ಲಿ ನಲವತ್ತು ವರ್ಷ ಪಳಗಿದ ಹದಿನೇಳು ಜನ, ಕೈಯಲ್ಲಿ ಕಾಗದದ ಲೋಟ ಹಿಡಿದು, ಹೋದ ಸಾಲಿನಲ್ಲೇ ಒಳಗೆ ಬಂದು ಕುಳಿತರು. ದೊಡ್ಡಮ್ಮನ ಸೆರಗು ಕುರ್ಚಿಗೆ ತಾಗಿದ್ದಕ್ಕೂ ಡ್ರಮ್ಮಿನ ಕೊನೆಯ ಪೆಟ್ಟು ಬಿದ್ದದ್ದಕ್ಕೂ ನಡುವೆ ಒಂದು ಉಸಿರಿನಷ್ಟೇ ಅಂತರ.

ಅಮ್ಮನ ಕೈಯಲ್ಲಿ ಎರಡು ಲೋಟಗಳಿದ್ದವು. ಒಂದನ್ನು ಡೆನಿಸ್ ಅಂಕಲ್‌ಗೆ ಕೊಟ್ಟು ಪಕ್ಕದಲ್ಲೇ ಕುಳಿತಳು. “ತಗೊಳ್ಳಿ ಬೀಗರೇ. ತನಿ ಮುಗೀತು. ಈಗ ಪಲ್ಲವಿಗೆ ಬರ್ತಾರೆ, ನೋಡಿ.”

ಸ್ಯಾಕ್ಸೊಫೋನ್ ಹತ್ತಿಯ ಮೇಲೆ ಕಾಲಿಟ್ಟು ಹಾಡಿಗೆ ಮರಳಿತು. ಅಮ್ಮ ತೊಡೆಯ ಮೇಲೆ ತಾಳ ಹಾಕತೊಡಗಿದಳು. “ಎಷ್ಟು ಚೆನ್ನಾಗಿ ಕುಣೀತಾಳೆ ನಿಮ್ಮ ಹುಡುಗಿ. ನಮ್ಮೋನದು ಮರಗಾಲು. ಅವಳು ಹಿಡ್ಕೊಂಡಿರೋದಕ್ಕೆ ನಿಂತಿದಾನೆ.”

ಅಂಕಲ್ ಕೈಯಲ್ಲಿದ್ದ ಲೋಟವನ್ನು ನೋಡಿದರು, ತುಂಬಿದ ಕುರ್ಚಿಗಳನ್ನು ನೋಡಿದರು, ನನ್ನನ್ನೂ ಒಮ್ಮೆ ನೋಡಿದರು. ಅಮ್ಮನ ತಾಳ ಬೀಳುವ ಕಡೆ ಕಿವಿಗೊಟ್ಟು ಒಂದು ಗುಟುಕು ಕುಡಿದರು.

“ಸಕ್ಕರೆ ಸ್ವಲ್ಪ ಕಮ್ಮಿ ಉಂಟು,” ಎಂದರು.

“ಅಯ್ಯೋ, ಇರಿ, ತರ್ತೀನಿ,” ಎಂದು ಅಮ್ಮ ಏಳಹೋದಳು. ಅವರು ಕೈ ಅಡ್ಡ ಹಿಡಿದರು.

“ಈಗ ಏಳ್ಬೇಡಿ, ಪಲ್ಲವಿ ನಡೀತಾ ಉಂಟು. ಇನ್ನೊಂದು ತನಿ ಬಿಡ್ಲಿ, ಇಬ್ರೂ ಹೋಗುವ.”