ಹದಿನೆಂಟನೆಯ ಗಣ್ಯ

ಹಜರತ್ ತಮ್ಮ ಶಿಷ್ಯರನ್ನು ಹೆಸರಿನಿಂದ ನೆನಪಿಟ್ಟುಕೊಂಡಿಲ್ಲ. ಅವರವರು ಎಡವಿದ ಜಾಗದಿಂದ ನೆನಪಿಟ್ಟುಕೊಂಡಿದ್ದಾರೆ.

ಕಳೆದ ಸೋಮವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ (ಡೈರಿಯಲ್ಲಿದೆ) ಕೋಲಾರದ ಒಂದು ಅರಬ್ಬಿ ವಿಶ್ವವಿದ್ಯಾಲಯದಲ್ಲಿ ಅವರ ಮುಂದೆ ಕೂತಿದ್ದೆ. ಅಲ್ಲಿನ ಸ್ಮರಣ ಸಂಚಿಕೆಯ ಕನ್ನಡ ಪುಟಗಳು ನನ್ನ ಜವಾಬ್ದಾರಿ. ಎರಡು ಪಟ್ಟಿ. ಅಧ್ಯಾಪಕರು ಇಪ್ಪತ್ತೆರಡು, ಗಣ್ಯ ಹಳೆ ವಿದ್ಯಾರ್ಥಿಗಳು ಹದಿನೇಳು. ಕುರ್‌ಆನ್ ಬಾಯಿಪಾಠ ಮಾಡಿಸುವ ಹಜರತ್ ಒಮ್ಮೆ ಕೇಳಿ ಸಹಿ ಹಾಕಿದರೆ ಗುರುವಾರ ಪ್ರೆಸ್ಸಿಗೆ.

ಆ ಕೋಣೆಯಲ್ಲಿ ಸಮಯ ಬೇರೆ ಥರ ಹರಿಯುತ್ತದೆ. ಪಕ್ಕದ ಹಾಲಿನಿಂದ ಹತ್ತಾರು ಮಕ್ಕಳ ಗುನುಗು. ಕಿಟಕಿಯ ಬಿಸಿಲಿನಲ್ಲಿ ತೇಲುವ ಧೂಳು. ಅರ್ಧ ಮುಚ್ಚಿದ ಹಜರತ್ ಕಣ್ಣು. ನಾನು ಹೆಸರುಗಳನ್ನು ಓದುತ್ತಿದ್ದೆನೋ, ನಿದ್ದೆಯಲ್ಲಿ ಕೇಳಿಸಿಕೊಳ್ಳುತ್ತಿದ್ದೆನೋ?

“ಇವರು ದೆಹಲಿಯಲ್ಲಿ ಪ್ರೊಫೆಸರ್,” ಅಂದೆ.

“ಸಾಲಿನ ಕೊನೆ ನುಂಗ್ತಿದ್ದ.”

“ಇವರು ಮುಳಬಾಗಿಲಲ್ಲಿ ವಕೀಲರು.”

“ಉಸಿರು ತಗೊಳ್ಳೋಕೂ ನಿಲ್ಲಿಸ್ತಿರ್ಲಿಲ್ಲ. ಜಡ್ಜ್ ಸಾಹೇಬ್ರ ಮುಂದಾದ್ರೂ ನಿಲ್ಲಿಸ್ತಾನಾ?”

ಹದಿನೇಳೂ ಮುಗಿದವು. ಹಜರತ್ ಕಣ್ಣು ತೆರೆದರು. “ತಾಯಲೂರು ಕರೀಂ ಎಲ್ಲಿ ಅಮ್ಮಾ?”

ಕರೀಂ ಪಟ್ಟಿಯಲ್ಲಿರಲಿಲ್ಲ. ಪಕ್ಕದಲ್ಲಿದ್ದ ಸೆಕ್ರೆಟರಿ ಸಾಹೇಬರು ಮೆಲ್ಲಗೆ ಹೇಳಿದರು: “ಅವನು ಪಾಸೇ ಆಗಿಲ್ಲ ಹಜರತ್. ಅರ್ಧಕ್ಕೇ ಬಿಟ್ಟೋದ.”

“ಬಿಟ್ಟೋಗ್ಲಿಲ್ಲ, ನಾನೇ ಕಳಿಸ್ದೆ. ಒಂಬತ್ತು ದಿನ ಒಂದೇ ಜಾಗದಲ್ಲಿ ತಪ್ಪಿದ. ನಿನ್ ತಲೆಗೆ ಇದು ಹತ್ತಲ್ಲ, ಮನೆಗೆ ಹೋಗು ಅಂದ್ಬಿಟ್ಟೆ. ಹತ್ತನೇ ದಿನ ಬರ್ತಿತ್ತೇನೋ.” ಅಧ್ಯಾಪಕರ ಪಟ್ಟಿಯತ್ತ ಬೆರಳು ತೋರಿಸಿದರು: “ಅವನಿಲ್ದಿದ್ರೆ ನನ್ನ ಹೆಸರೂ ನಕ್ಕೋ, ಬೇಡ. ತೆಗೆದ್ಬಿಡಿ.”

ಇಪ್ಪತ್ತೆರಡರಲ್ಲಿ ಹಜರತ್ ಹೋದರೆ ಉಳಿಯುವುದೇನು? (ಇಪ್ಪತ್ತೊಂದು ಅನ್ನಬೇಡಿ.)

ಅಲ್ಲೇ ಕೂತು ಏಳು ಫೋನ್ ಮಾಡಿದೆ. ಏಳನೆಯದರಲ್ಲಿ ಸಿಕ್ಕರು. ಕರೀಂ ಸಾಹೇಬರಿಗೆ ಈಗ ಐವತ್ತರ ಆಸುಪಾಸು, ಸುಗಟೂರಿನಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ವಿಷಯ ಹೇಳಿದೆ.

“ನಾನು ಗಣ್ಯನಾ? ನಮ್ಮನೇಲಿ ಹೇಳ್ಬೇಡಮ್ಮಾ, ನಗ್ತಾರೆ.”

ಫೋನನ್ನು ಸ್ಪೀಕರಿಗೆ ಹಾಕಿ ಹಜರತ್ ಮುಂದಿಟ್ಟೆ. ಸಲಾಂ ಆಯಿತು. ಆಮೇಲೆ ಹಜರತ್ ಹೇಳಿದ್ದು ಇಷ್ಟೇ: “ಅದನ್ನ ಓದು.”

ಯಾವುದನ್ನು ಎಂದು ಕರೀಂ ಕೇಳಲಿಲ್ಲ. ಆ ಕಡೆ ಯಂತ್ರದ ಸದ್ದು ನಿಂತಿತು. ದನಿ ಹೊರಟಿತು. ನನಗೆ ಅರಬ್ಬಿ ಬಾರದು, ಹಜರತ್ ಬೆರಳನ್ನೇ ನೋಡುತ್ತಿದ್ದೆ. ಅದು ಮಂಡಿಯ ಮೇಲೆ ಒಂದೊಂದೇ ಪದವನ್ನು ಒತ್ತುತ್ತಾ ಹೋಗಿ, ಒಂದು ಕಡೆ ಗಾಳಿಯಲ್ಲೇ ನಿಂತಿತು. ದನಿ ನಿಲ್ಲಲಿಲ್ಲ. ಬೆರಳು ಇಳಿಯಿತು.

“ಯಾರು ಕಲಿಸಿದ್ರು?”

“ನೀವೇ ಹಜರತ್. ನೂಲು ತೆಗೀತಾ ದಿನಾ ಹೇಳ್ಕೋತೀನಿ. ಆ ಜಾಗ ಬಂದ್ರೆ ನೀವು ಬೈದಿದ್ದು ಕೇಳಿಸ್ತದೆ. ಹುಷಾರಾಗ್ತೀನಿ.”

ಹಜರತ್ ಪೆನ್ ಕೇಳಿದರು.

ದೊಡ್ಡ ಕುರ್ಚಿ ಸಿಕ್ಕವರನ್ನು ನಾವು ಗಣ್ಯರು ಅನ್ನುತ್ತೇವೆ. ಯಾರೂ ಕೇಳದಿದ್ದರೂ ಕಲಿತದ್ದನ್ನು ದಿನಾ ಹೇಳಿಕೊಳ್ಳುವವರಿಗೆ ನಮ್ಮಲ್ಲಿ ಪದವೇ ಇಲ್ಲ.

ಸೆಕ್ರೆಟರಿ ಸಾಹೇಬರು ನಾನು ಹೊಸದಾಗಿ ಸೇರಿಸಿದ ಹದಿನೆಂಟನೆಯ ಸಾಲಿನ ಮೇಲೆ ಬೆರಳಿಟ್ಟರು. “ಎಲ್ಲಾ ಸರಿ. ಪಾಸಾದ ವರ್ಷ ಅಂತ ಕಾಲಂ ಇದೆಯಲ್ಲಮ್ಮಾ, ಏನು ಬರೀತೀರಿ?”

ಈ ವರ್ಷವನ್ನೇ ಬರೆದೆ. ಪರೀಕ್ಷೆ ಮಾಡಿದವರು ಎದುರಿಗೇ ಕೂತಿದ್ದರಲ್ಲ?