ಒರೆಯಿಂದ ಹಿರಿದ ಕತ್ತೆ

ವಿಶ್ವವಿದ್ಯಾಲಯದ ಸ್ಪ್ಯಾನಿಷ್ ಮೇಷ್ಟ್ರು ತೀರಿಕೊಂಡ ಇಪ್ಪತ್ತನೇ ದಿನಕ್ಕೆ ಟೈಪಿಸ್ಟಮ್ಮನಿಗೆ ವಿಭಾಗದ ಮುಖ್ಯಸ್ಥರಿಂದ ಫೋನು ಬಂತು. ಆಕೆ ಆ ವಿಭಾಗದ ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾಗಿತ್ತು. ಮೇಷ್ಟ್ರ ನೆನಪಿಗೊಂದು ಗೌರವಗ್ರಂಥ ತರುತ್ತಾರಂತೆ. ಎಂಟು ವಿದ್ವಾಂಸರ ಎಂಟು ಲೇಖನ.

"ನಿಮ್ಮಷ್ಟು ಶುದ್ಧವಾಗಿ ಯಾರೂ ಟೈಪ್ ಮಾಡಲ್ಲಮ್ಮ."

"ಕಳಿಸಿ ಸಾರ್" ಎಂದರು. ಸತ್ತ ಎಮ್ಮೆಗೆ ಹಾಲು ಹೆಚ್ಚು ಎಂದುಕೊಂಡರು ಮನಸ್ಸಿನಲ್ಲಿ. ಇದೇ ಮಹಾನುಭಾವನಲ್ಲವೇ ಮೇಷ್ಟ್ರ ಕೋಣೆ ಕಿತ್ತುಕೊಂಡು ಅವರನ್ನು ಮೆಟ್ಟಿಲ ಕೆಳಗಿನ ಗೂಡಿಗೆ ದಬ್ಬಿದ್ದು! 'ನಾನೂರು ವರ್ಷದ ಹಿಂದಿನ ಸ್ಪೇನಿನ ನಾಟಕ ಕಟ್ಟಿಕೊಂಡು ಯಾರಿಗೇನಾಗಬೇಕು' ಎಂದು ಸಭೆಯಲ್ಲಿ ಈತ ನಕ್ಕಾಗ, ಈ ಎಂಟು ವಿದ್ವಾಂಸರಲ್ಲಿ ಉಳಿದ ಏಳು ಮಂದಿ ಹಲ್ಲುಕಿರಿದು ತಲೆಯಾಡಿಸಿದ್ದರು. ಈಗ ಎಂಟೂ ಜನಕ್ಕೆ ಗೌರವ ಉಕ್ಕಿ ಹರಿಯುತ್ತಿತ್ತು.

ಆ ಗೂಡಿನಲ್ಲಿ ಬಾಗಿ ಕೂತೇ ಆಕೆ ಮೇಷ್ಟ್ರು ಬರೆದದ್ದನ್ನೆಲ್ಲ ಟೈಪು ಮಾಡಿದ್ದರು. ಹಾಳೆ ಬದಲಿಸುವಷ್ಟರಲ್ಲಿ ಮೇಷ್ಟ್ರು ಕಥೆ ಹೇಳುತ್ತಿದ್ದರು. "ಅಲ್ಲಿ ನಾಟಕ ನಡೀತಿದ್ದಿದ್ದು ಮನೆಗಳ ನಡುವಿನ ಅಂಗಳದಲ್ಲಮ್ಮ. ನಿಂತು ನೋಡೋರಿಗೆ ಹಿಡಿಸದಿದ್ದರೆ ಸೀಟಿ ಹೊಡೆದೇ ಓಡಿಸ್ತಿದ್ರು. ಪಂಡಿತರನ್ನ ಯಾರು ಕೇಳ್ತಿದ್ರು?" ಹೀಗೆ ಕೇಳಿ ಕೇಳಿಯೇ, ಹೈಸ್ಕೂಲಿಗೆ ಓದು ನಿಲ್ಲಿಸಿದ್ದ ಆಕೆಗೆ ಮುಖ್ಯಸ್ಥರಿಗಿಂತ ಹೆಚ್ಚು ನಾಟಕಗಳು ಗೊತ್ತಿದ್ದವು.

ಲೇಖನಗಳು ಬಂದವು. ಏಳು ಬರೀ ಹೊಟ್ಟು. ಎಲ್ಲೋ ಓದಿದ ಹಳೇ ಭಾಷಣಕ್ಕೆ ಮೇಷ್ಟ್ರ ಹೆಸರು ಅಂಟಿಸಿದ್ದರು, ಅಷ್ಟೇ. ಎಂಟನೆಯದು ಮುಖ್ಯಸ್ಥರದು, ಅವರದೇ ಕೈಬರಹದಲ್ಲಿ: 'ಸ್ಪೇನಿನ ನಾಟಕಗಳಲ್ಲಿ ಮಾನ'. ಮೂರನೇ ಪುಟದಲ್ಲಿ ಆಕೆಯ ಬೆರಳು ನಿಂತಿತು. 'ಮಾನ ಕಾಯಲು ನಾಯಕನು ಒರೆಯಿಂದ ಕತ್ತೆಯನ್ನು ಹಿರಿಯುತ್ತಾನೆ.'

ಆ ಕತ್ತೆ ಆಕೆಯದೇ! ಹದಿನೆಂಟು ವರ್ಷದ ಹಿಂದೆ, ಮೇಷ್ಟ್ರ ಲೇಖನದಲ್ಲಿ ಗುಡಿಸು ಕೊಡುವ ಕಡೆ ಎತ್ವ ಕೊಟ್ಟು ಕತ್ತಿಯನ್ನು ಕತ್ತೆ ಮಾಡಿದ್ದರು. ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಇರಲಿ ಬಿಡಿ, ಅಚ್ಚಿಗೆ ಹೋಗುವಾಗ ತಿದ್ದೋಣ" ಎಂದಿದ್ದರು. ಅದು ಅಚ್ಚಿಗೆ ಹೋಗಲೇ ಇಲ್ಲ. ಒಂದು ಪ್ರತಿ ಮೇಷ್ಟ್ರ ಮೇಜಿನಲ್ಲಿ ಉಳಿಯಿತು, ಕಾರ್ಬನ್ ಪ್ರತಿ ಆಕೆಯ ಟ್ರಂಕಿನಲ್ಲಿ. ಸತ್ತವರ ಮೇಜು ಖಾಲಿ ಮಾಡಿಸಿದ ಮುಖ್ಯಸ್ಥರು ಅಕ್ಷರಕ್ಕಕ್ಷರ ಭಟ್ಟಿ ಇಳಿಸಿದ್ದರು. ಕದಿಯುವಾಗಲಾದರೂ ಓದಬಾರದೇ!

"ನಿನಗ್ಯಾಕಕ್ಕ ಊರ ಉಸಾಬರಿ?" ಎಂದಳು ಜೊತೆಗಿದ್ದ ತಂಗಿ. ಆಕೆ ಮುಖ್ಯಸ್ಥರ ಕೈಬರಹದ ಜೊತೆ ಕಾರ್ಬನ್ ಪ್ರತಿಯನ್ನೂ ಚೀಲಕ್ಕೆ ಹಾಕಿಕೊಂಡು ವಿಭಾಗಕ್ಕೆ ಹೊರಟೇಬಿಟ್ಟರು.

"ಸಾರ್, ಮೂರನೇ ಪುಟದಲ್ಲಿ ಒಂದು ಕತ್ತೆ ಇದೆ."

ಮುಖ್ಯಸ್ಥರು ಕನ್ನಡಕ ಏರಿಸಿ ನೋಡಿದರು. "ಓ, ಟೈಪಿಂಗ್ ತಪ್ಪು. ತಿದ್ಬಿಡಿ."

"ನಿಮ್ಮ ಕೈಬರಹದಲ್ಲಿ ಟೈಪಿಂಗ್ ತಪ್ಪು ಹೇಗೆ ಬಂತು ಸಾರ್?"

ಆಕೆ ಹಳೇ ಹಾಳೆಗಳನ್ನು ಮೇಜಿನ ಮೇಲಿಟ್ಟರು. ಮುಖ್ಯಸ್ಥರ ಮುಖ ಇಂಗು ತಿಂದ ಮಂಗನಂತಾಯಿತು.

"ಇದು... ಗುರುಗಳ ಋಣ ಅಲ್ವಾಮ್ಮ."

"ಋಣ ಅಂದ್ರೆ ತೀರಿಸೋದು ಸಾರ್, ಎತ್ಕೊಂಡು ಹೋಗೋದಲ್ಲ. ಇದು ಮೇಷ್ಟ್ರ ಹೆಸರಲ್ಲೇ ಬರಲಿ. ಇಲ್ಲಾಂದ್ರೆ ಉಳಿದ ಏಳೂ ಜನರಿಗೆ ಒಂದೊಂದು ಪ್ರತಿ ಕೊಡ್ತೀನಿ."

"ಆಯ್ತು, ಆಯ್ತು. ಬಿಡುಗಡೆ ದಿನ ವೇದಿಕೆ ಮೇಲೆ ನಿಮಗೂ ಒಂದು ಶಾಲು ಹೊದಿಸ್ತೀವಿ."

"ನೀವೇ ಇಟ್ಕೊಳ್ಳಿ. ಮುಖ ಮುಚ್ಕೊಳ್ಳೋಕೆ ಬೇಕಾಗುತ್ತೆ."

ಲೇಖನ ಮೇಷ್ಟ್ರ ಹೆಸರಿನಲ್ಲೇ ಅಚ್ಚಾಯಿತು. ಕತ್ತೆಯನ್ನು ಆಕೆಯೇ ಕತ್ತಿ ಮಾಡಿದ್ದರು. ಬಿಡುಗಡೆಯ ದಿನ ಹಿಂದಿನ ಸಾಲಿನಲ್ಲಿ ಕೂತರು. ಮುಖ್ಯಸ್ಥರು ಗದ್ಗದ ಕಂಠದಲ್ಲಿ ಸಾರಿದರು: "ಗುರುಗಳ ಈ ಅಪ್ರಕಟಿತ ಲೇಖನವನ್ನು ಹಗಲಿರುಳು ಹುಡುಕಿ ಬೆಳಕಿಗೆ ತಂದಿದ್ದೇನೆ!" ಸಭೆ ಚಪ್ಪಾಳೆ ತಟ್ಟಿತು. ನಾಚಿಕೆ ಬಿಟ್ಟವನು ಊರಿಗೇ ದೊಡ್ಡವನು ಎಂದು ಸುಮ್ಮನೆ ಹೇಳಿಲ್ಲ ಎಂದುಕೊಂಡು ಆಕೆ ಎದ್ದುಬಂದರು.

ಮನೆಗೆ ಬಂದು ಕಿಟಕಿಯ ಬಳಿ ಕೂತು ಮೇಷ್ಟ್ರ ಹದಿನಾರು ಪುಟಗಳನ್ನು ಮೊದಲಿಂದ ಕೊನೆಯವರೆಗೆ ಓದಿದರು. ಉಳಿದ ಏಳು ಲೇಖನಗಳತ್ತ ಕಣ್ಣು ಹಾಯಿಸಲೂ ಇಲ್ಲ. ಟೈಪು ಮಾಡುವಾಗ ಒಮ್ಮೆ ಅನುಭವಿಸಿದ್ದೇ ಸಾಕಾಗಿತ್ತು.