ಹೈಡ್ರಾಂಜಿಯಾ ಹಾಳೆಯ ಮೂಲೆಯ ಪೊಟ್ಟಣ

2012ರಲ್ಲಿ ನಾನು ಧಾರವಾಡದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕ. ಹರ್ಬೇರಿಯಂ, ಅಂದರೆ ಒಣಗಿಸಿದ ಸಸ್ಯಗಳ ಸಂಗ್ರಹ, ನನ್ನ ಸುಪರ್ದಿಯಲ್ಲಿತ್ತು. ಆ ಶೈಕ್ಷಣಿಕ ವರ್ಷದ ಕೊನೆಗೆ ನಿವೃತ್ತರಾಗಲಿದ್ದ ಹಿರಿಯ ಸಹೋದ್ಯೋಗಿ ಸರೋಜಾ ಅಕ್ಕಾರಿಗೆ ಇದ್ದದ್ದು ಒಂದೇ ಆಸೆ: ತಮ್ಮ ಪಾಠದ ಟಿಪ್ಪಣಿಯಲ್ಲಿ ಹೈಡ್ರಾಂಜಿಯಾ ಎಂಬ ಹೂಗಿಡದ ಪುಟ ತಿದ್ದಿ ಹೋಗಬೇಕು.

ಹಳೆಯ ಪುಸ್ತಕಗಳು ಆ ಗಿಡವನ್ನು ಸ್ಯಾಕ್ಸಿಫ್ರೇಜ್ ಕುಟುಂಬಕ್ಕೆ ಸೇರಿಸಿದ್ದವು. ಈಗ ಅದಕ್ಕೆ ತನ್ನದೇ ಕುಟುಂಬವಿದೆ. ಡಿಎನ್‌ಎ ಪ್ರಕಾರ ಅದು ಕಾರ್ನಸ್ ಬಳಗದ ನೆಂಟ. ಮುಂದೆ ಬೀಜವಾಗುವ ಅಂಡಕಕ್ಕೆ, ಸ್ಯಾಕ್ಸಿಫ್ರೇಜ್‌ಗಳಲ್ಲಿ ಸಾಮಾನ್ಯವಾಗಿರುವಂತೆ ಎರಡಲ್ಲ, ಒಂದೇ ಹೊದಿಕೆ ಇರುವುದೂ ಅದನ್ನೇ ಹೇಳುತ್ತದೆ.

“ಡಿಎನ್‌ಎ ಅಂದ್ರ ಹುಡುಗ್ರು ಸುಮ್ನ ತಲಿ ಅಲ್ಲಾಡಸ್ತಾರ. ಹೂವು ಸೀಳಿ ಒಳಗಿನ ಚಿತ್ರ ತಗದು ತೋರಸ್ಬೇಕ್ರಿ,” ಎನ್ನುತ್ತಿದ್ದರು ಅಕ್ಕಾರು.

ಸಪ್ತಾಪುರದ ಮನೆಯಲ್ಲಿ ನಾಲ್ಕು ವರ್ಷ ನೆರಳು ಕಟ್ಟಿ ಸಾಕಿದ ಅವರ ಕುಂಡದ ಗಿಡ ಆ ಮಳೆಗಾಲ ಒಂದೇ ಒಂದು ಗೊಂಚಲು ಬಿಟ್ಟಿತು. ಅಂಚಿನಲ್ಲಿ ಬೀಜ ಕಟ್ಟದ, ದಳಗಳಂತೆ ಕಾಣುವ ನೀಲಿ ಪುಷ್ಪಪತ್ರಗಳ ದೊಡ್ಡ ಹೂಗಳು. ನಡುವೆ ಕೊತ್ತಂಬರಿ ಕಾಳಿನಷ್ಟು ಚಿಕ್ಕ, ಬೀಜ ಕಟ್ಟುವ ನಿಜವಾದ ಹೂಗಳು. ಒತ್ತಿ ಒಣಗಿಸಲು ನನಗೆ ಕೊಟ್ಟರು. ನನ್ನ ಅಭ್ಯಾಸವೆಲ್ಲ ಅಣಬೆಯಂಥ ಶಿಲೀಂಧ್ರಗಳದ್ದು, ಹೂಗಳದ್ದಲ್ಲ. ಉದುರುತ್ತಿದ್ದ ನಡುವಿನವುಗಳನ್ನು ಬಾಡಿದ ಮೊಗ್ಗುಗಳೆಂದುಕೊಂಡು, ಹಾಳೆ ಚೆನ್ನಾಗಿ ಕಾಣಲೆಂದು ಕತ್ತರಿಸಿ ಕಸಕ್ಕೆ ಹಾಕಿಬಿಟ್ಟೆ.

ಮರುದಿನ ಅಕ್ಕಾರು ನೋಡಿದರು. “ಏನ್ ಮಾಡಿದ್ರಿ ಮಾಸ್ತರ! ಮದುಮಗಳನ್ನ ಹೊರಗ ಹಾಕಿ ಹಂದರ ಜೋಪಾನ ಮಾಡೀರಲ್ರಿ!”

ನಕ್ಕರು ಎಂದು ನನ್ನ ದಿನಚರಿಯಲ್ಲಿದೆ. ನನಗೆ ನೆನಪಿರುವುದು ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟದ್ದು. ನಗುವನ್ನು ನನ್ನ ಸಮಾಧಾನಕ್ಕೆ ಬರೆದುಕೊಂಡೆನೇನೋ.

ಬೇಸಿಗೆಯಲ್ಲಿ ಗಿಡ ಒಣಗಿತು. ಚಿತ್ರದ ಜಾಗ ಖಾಲಿ ಬಿಟ್ಟೇ ಅಕ್ಕಾರು ನಿವೃತ್ತರಾದರು. ಆಮೇಲೆ ಮೂರು ವರ್ಷಕ್ಕೆ ತೀರಿಕೊಂಡರು. ಸಹಾಯಕ ಮಲ್ಲಪ್ಪ ಅಂಟಿಸಿಕೊಟ್ಟ ಆ ಹಾಳೆಯನ್ನು ನಾನು ನಾಚಿಕೆಯಿಂದ ನೋಡದೆಯೇ ಕಪಾಟಿನ ತಳಕ್ಕೆ ಸೇರಿಸಿದ್ದೆ.

ಕಳೆದ ವರ್ಷ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡುವಾಗ, ನಿವೃತ್ತನಾಗಿದ್ದ ನನ್ನನ್ನೂ ಕರೆದರು. ಹೈಡ್ರಾಂಜಿಯಾ ಹಾಳೆಯ ಮೂಲೆಯಲ್ಲಿ ಕಾಗದದ ಪೊಟ್ಟಣವೊಂದಿತ್ತು. ಉದುರಿದ ಚೂರುಗಳನ್ನು ಹಾಗೆ ಕಾದಿಡುವುದು ಹರ್ಬೇರಿಯಂನ ಪದ್ಧತಿ. ಮೇಲೆ ಮಲ್ಲಪ್ಪನ ಪೆನ್ಸಿಲ್ ಅಕ್ಷರ: “ಅಕ್ಕಾರ ಹೂವು. ಕಸದಾಗ ಬಿದ್ದಿದ್ವು. ಇಟ್ಟೇನಿ.”

ನಿವೃತ್ತರಾಗಿ ಅವರು ಬದುಕಿದ್ದ ಆ ಮೂರು ವರ್ಷ ಅಕ್ಕಾರ ಮನೆ ಕಾಲೇಜಿನಿಂದ ಹತ್ತು ನಿಮಿಷದ ದಾರಿ.

ಒಂದು ಹೂವನ್ನು ಬಿಸಿನೀರಿನಲ್ಲಿ ನೆನೆಸಿ ಕೊಯ್ದೆ. ದಳಗಳ ಕೆಳಗೆ ಅಂಡಾಶಯ. ಸೂಕ್ಷ್ಮದರ್ಶಕದಲ್ಲಿ ಅಂಡಕ, ಅದಕ್ಕೆ ಒಂದೇ ಹೊದಿಕೆ. ನಾವು ಕೆಡಿಸಿದ ಹಾಳೆಯನ್ನೇ ಮೊದಲು ಮತ್ತೆ ತೆರೆದು ನೋಡಬೇಕು; ಈ ಕೆಲಸ ಅದನ್ನು ನನಗೆ ಕಲಿಸುವಷ್ಟರಲ್ಲಿ ತಡವಾಗಿತ್ತು. ಚಿತ್ರ ಮುಗಿಸಿ, ತಿದ್ದಿಸಿಕೊಳ್ಳಲೆಂದು ಎದ್ದು, ಅವರಿಲ್ಲವೆಂಬುದು ನೆನಪಾಗುವ ಮೊದಲೇ ಅಕ್ಕಾರ ಹಳೆಯ ಕೊಠಡಿಯ ಬಾಗಿಲವರೆಗೂ ಹೋಗಿದ್ದೆ.